ಅಡ್ಜಸ್ಟಪ್ಪನವರು ಇಳಿದ ವಿಮಾನ

ಅಡ್ಜಸ್ಟಪ್ಪನವರು ತಮ್ಮ ಹೆಂಡತಿಯನ್ನು ಮೊದಲ ಸಲ ನೋಡಿದ್ದು ಬಸ್ಸಿನಲ್ಲಿ. ಆಗ ಆಕೆ ಇನ್ನೂ ಹೆಂಡತಿಯಾಗಿರಲಿಲ್ಲ; ಎಡಗಡೆಯ ಮೂರನೇ ಸೀಟಿನಲ್ಲಿ, ಕಿಟಕಿಯ ಪಕ್ಕ ಕುಳಿತಿದ್ದ ಒಬ್ಬಳು ಹುಡುಗಿ. ಹೊಲಿಗೆ ಕಲಿಯಲು ಪೇಟೆಗೆ ಹೊರಟಿದ್ದಳು. ಮಡಿಲಲ್ಲಿ ಬಟ್ಟೆಯ ಚೀಲ, ಚೀಲದಿಂದ ಇಣುಕುತ್ತಿದ್ದ ಮರದ ಸ್ಕೇಲು. ಇವರು ಹೊಸದಾಗಿ ಕೆಲಸಕ್ಕೆ ಸೇರಿದ ಕಂಡಕ್ಟರು. ಯೂನಿಫಾರ್ಮಿನ ಗಂಜಿ ಇನ್ನೂ ಕತ್ತು ಕೆರೆಯುತ್ತಿತ್ತು.

ಒಂದು ಸ್ಟಾಪಿನಲ್ಲಿ ಕೈಗೂಸಿನ ತಾಯಿಯೊಬ್ಬಳು ಹತ್ತಿದಳು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಆ ಕಡೆ ಹೋಗಿ" ಎಂದರು ಕಂಡಕ್ಟರು. ಹುಡುಗಿ ಎದ್ದು ಚಕ್ರದ ಮೇಲಿನ ಸೀಟಿಗೆ ಹೋದಳು. (ಆ ಸೀಟಿನಲ್ಲಿ ಕುಳಿತವರ ಮೊಣಕಾಲು ಅವರದೇ ಗಲ್ಲಕ್ಕೆ ತಾಗುತ್ತದೆ.) ಮುಂದಿನ ಸ್ಟಾಪಿನಲ್ಲಿ ಕೋಲೂರಿಕೊಂಡು ಒಬ್ಬ ಅಜ್ಜ ಬಂದರು. ಹುಡುಗಿ ಹಿಂದಿನ ಉದ್ದ ಸೀಟಿಗೆ ಹೋದಳು. ಅದರ ಮುಂದೆ ಒಂದೇ ಮನೆಯವರು ಗುಂಪಾಗಿ ಹತ್ತಿ, ಒಟ್ಟಿಗೇ ಕೂರಬೇಕೆಂದು ಹಟ ಹಿಡಿದರು. ಹುಡುಗಿ ಎದ್ದು ನಿಂತಳು. ಪೇಟೆ ಬರುವಷ್ಟರಲ್ಲಿ ಆಕೆ ಬಾಗಿಲ ಮೆಟ್ಟಿಲ ಮೇಲಿದ್ದಳು. ಇಳಿದವಳು ತಿರುಗಿ ನಿಂತು, "ಇನ್ನೊಂದು ಸ್ಟಾಪ್ ಇದ್ದಿದ್ರೆ ನನ್ನನ್ನ ಬಸ್ಸಿನ ಟಾಪ್ ಮೇಲೆ ಕೂರಿಸ್ತಿದ್ರಿ, ಅಲ್ವಾ?" ಎಂದು ಕೇಳಿದಳು.

ಕಂಡಕ್ಟರಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ವರ್ಷ ಕಳೆದು, ಎರಡೂ ಮನೆಯ ಹಿರಿಯರು ಸೇರಿ ಮದುವೆಯ ಮಾತು ಆಡುತ್ತಿದ್ದರು. ಹುಡುಗಿ ಇವರ ಮುಖ ನೋಡಿದವಳೇ, "ಇವರೇನಾ? ಮನೇಲಾದ್ರೂ ಒಂದು ಕಡೆ ಕೂರೋಕೆ ಬಿಡ್ತಾರಾ ಕೇಳಿ" ಎಂದಳು. ಎಲ್ಲರೂ ನಕ್ಕರು. ಆಕೆ ನಗಲಿಲ್ಲ, ಆಕೆ ಅದನ್ನು ನಿಜವಾಗಿಯೇ ಕೇಳಿದ್ದಳು.

ಬಿಡಲಿಲ್ಲ. ಡಿಪೋದಲ್ಲಿ ಅವರಿಗೆ ಅಡ್ಜಸ್ಟಪ್ಪ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಇನ್ನೂ ಒಂದು ಸಂಸಾರವನ್ನು ಕೂರಿಸುವ ಮಹಾವಿದ್ಯೆ ಅವರ ಕೈಯಲ್ಲಿತ್ತು. ಆ ವಿದ್ಯೆ ಯೂನಿಫಾರ್ಮಿನ ಜೊತೆ ಮನೆಯ ಗೂಟಕ್ಕೆ ನೇತುಬೀಳುತ್ತಿರಲಿಲ್ಲ. ಸಿನಿಮಾ ಟಾಕೀಸಿನಲ್ಲಿ ಅವರ ಹೆಂಡತಿ ಅರ್ಧ ಸಿನಿಮಾವನ್ನು ಒಂದು ಕಂಬದ ಹಿಂದಿನಿಂದ ನೋಡಿದ್ದಾಳೆ, ಏಕೆಂದರೆ ಕನ್ನಡಕ ಮರೆತುಬಂದ ಯಾರಿಗೋ ಇವರು ಆಕೆಯ ಮುಂದಿನ ಸೀಟು ಕೊಡಿಸಿದ್ದರು. ಆಸ್ಪತ್ರೆಯ ಬೆಂಚಿನಲ್ಲಿ ತನ್ನ ಸರದಿ ಬಂದಾಗಲೆಲ್ಲ ಆಕೆಗಿಂತ ಹೆಚ್ಚು ಕಾಯಿಲೆಯವರೊಬ್ಬರು ಇವರ ಕಣ್ಣಿಗೆ ಬೀಳುತ್ತಿದ್ದರು. ಅವರಿಗೆ ಕೆಟ್ಟ ಬುದ್ಧಿಯಿರಲಿಲ್ಲ. ಯಾರಿಗೋ ಒಳ್ಳೆಯದು ಮಾಡಬೇಕಾದಾಗ ಎಬ್ಬಿಸಲು ಅತ್ಯಂತ ಹತ್ತಿರ ಸಿಗುತ್ತಿದ್ದವಳು ಹೆಂಡತಿ, ಅಷ್ಟೇ.

ಅದರ ಜೊತೆಗೆ ಇನ್ನೊಂದು ನಂಬಿಕೆ ಅವರಿಗಿತ್ತು: ತಾವಿಲ್ಲದೆ ಹೆಂಡತಿ ಎಲ್ಲಿಗೂ ಹೋಗಲಾರಳು. ಇದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ಆಕೆಯೂ ನಂಬಿಬಿಟ್ಟಿದ್ದಳು.

ನಿವೃತ್ತಿಯಾದ ಮೇಲೆ ಇಬ್ಬರೂ ವಿದೇಶಕ್ಕೆ ಹೊರಟದ್ದು ಮಗಳಿಗಾಗಿ. ಮಗಳು ನರ್ಸು. ದೂರದ ದೇಶವೊಂದರ ಪುಟ್ಟ ದ್ವೀಪದ ಆಸ್ಪತ್ರೆಯಲ್ಲಿ ಕೆಲಸ. ಗಂಡ ಅಲ್ಲೇ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಮಗಳಿಗೆ ಇದು ಚೊಚ್ಚಲ ಹೆರಿಗೆ. ತಾಯಿ ಮೆತ್ತನೆಯ ಹಳೆ ಬಟ್ಟೆಗಳನ್ನು ಕತ್ತರಿಸಿ, ಅಂಚು ಹೊಲಿದು, ಎರಡು ಚೀಲ ತುಂಬಿದ್ದಳು. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಒಂದು ವಾರವಿತ್ತು.

ದೊಡ್ಡ ವಿಮಾನದಲ್ಲಿ ಅಡ್ಜಸ್ಟಪ್ಪನವರ ಕಲೆಗೆ ಅವಕಾಶ ಸಿಗಲಿಲ್ಲ. ಅಲ್ಲಿ ಪ್ರತಿ ಸೀಟಿಗೂ ನಂಬರು. ಒಮ್ಮೆ ಎದ್ದು ನಿಂತು ಸುತ್ತ ನೋಡಿದ್ದಕ್ಕೆ ಗಗನಸಖಿ ಬಂದು ನಗುನಗುತ್ತಲೇ ಬೆಲ್ಟು ಕಟ್ಟಿಹೋದಳು. "ಇಷ್ಟು ದೊಡ್ಡ ಗಾಡಿ, ನಡುವೆ ದಾರಿ ಪೂರ್ತಿ ಖಾಲಿ. ಒಂದು ಐವತ್ತು ಜನ ಆರಾಮಾಗಿ ನಿಲ್ತಿದ್ರು" ಎಂದು ದಾರಿಯುದ್ದಕ್ಕೂ ಕೊರಗಿದರು.

ದೊಡ್ಡ ವಿಮಾನ ಇಳಿದ ಊರಿನಿಂದ ದ್ವೀಪಕ್ಕೆ ಹೋಗುವುದು ಸಣ್ಣ ಕಂಪನಿಯ ಸಣ್ಣ ವಿಮಾನ. ಕಂಪನಿಗೆ ಇದ್ದದ್ದೇ ಅದೊಂದು. ದಿನಕ್ಕೆ ಒಂದೇ ಸಲ ಹೋಗಿಬರುತ್ತಿತ್ತು. ಅದರ ನಿಲ್ದಾಣವನ್ನು ನೋಡಿ ಅಡ್ಜಸ್ಟಪ್ಪನವರಿಗೆ ತವರಿಗೆ ಬಂದಷ್ಟು ಸಂತೋಷವಾಯಿತು. ತಗಡಿನ ಮಾಡು, ಸಾಲು ಕುರ್ಚಿ, ಬಣ್ಣ ಹೋದ ಬಾಗಿಲು. ಬಾಗಿಲಿನಾಚೆ ಬಿಸಿಲಿನಲ್ಲಿ ಕೋಳಿಮರಿಯಂತೆ ಕುಳಿತಿದ್ದ ವಿಮಾನ.

ಹೆಂಡತಿ ಮಾತ್ರ ಅದನ್ನು ನೋಡಿ ಒಂದು ಹೆಜ್ಜೆ ಹಿಂದಿಟ್ಟಳು. "ರೀ, ಇದು ದೊಡ್ಡದಾಗೋಕೆ ಇನ್ನೂ ಟೈಮ್ ಇದೆ ಅನ್ಸುತ್ತೆ. ಈಗಲೇ ಹತ್ಬೇಕಾ?"

ಅಷ್ಟರಲ್ಲಿ ಫೋನು ಬಂತು. ಅಳಿಯ. "ಅತ್ತೆ, ನಸುಕಿಂದ ನೋವು ಶುರುವಾಗಿದೆ. ಆಸ್ಪತ್ರೆಗೆ ಸೇರಿಸಿದ್ದೀನಿ. ಇವತ್ತೇ ಆಗುತ್ತೆ ಅಂತಿದ್ದಾರೆ ಡಾಕ್ಟ್ರು. ಅಮ್ಮ ಎಲ್ಲಿದ್ದಾರೆ, ಅಮ್ಮ ಎಲ್ಲಿದ್ದಾರೆ ಅಂತ ಒಂದೇ ಸಮ ಕೇಳ್ತಿದ್ದಾಳೆ."

"ಬಂದೆ ಅಂತ ಹೇಳು" ಎಂದಳು ಆಕೆ. ಹಾಗೆಂದ ಮೇಲೆ ವಿಮಾನದ ಗಾತ್ರದ ಬಗ್ಗೆ ಮತ್ತೆ ಮಾತಾಡಲಿಲ್ಲ.

ಕೌಂಟರಿನಲ್ಲಿ ಒಬ್ಬನೇ ಒಬ್ಬ ಇದ್ದ. ಅವನೇ ಟಿಕೆಟ್ ನೋಡಿದ. ಅವನೇ ಎದ್ದು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಸಾಮಾನು ತಳ್ಳುವ ಗಾಡಿ ತಂದ. ಅವನೇ ಬಾಗಿಲು ತೆರೆದ. "ವಿಮಾನ ಓಡಿಸೋನೂ ಇವನೇ ಇರ್ಬೇಕು" ಎಂದು ಆಕೆ ಪಿಸುಗುಟ್ಟಿದಳು. ಆಮೇಲೆ ಅವನು ಒಂದು ತೂಕದ ಯಂತ್ರವನ್ನು ಕಾಲಿನಿಂದ ಮುಂದೆ ತಳ್ಳಿ, ಹತ್ತಿ ಎಂದು ಸನ್ನೆ ಮಾಡಿದ. ಚೀಲಗಳಿಗಲ್ಲ, ಮನುಷ್ಯರಿಗೆ.

"ಏನಿದು, ಆಳಿನ ತೂಕಾನೂ ನೋಡ್ತಾರಾ?" ಎಂದು ಅಡ್ಜಸ್ಟಪ್ಪನವರು ಹತ್ತಿ ಇಳಿದರು.

ಹೆಂಡತಿ ಹತ್ತಲಿಲ್ಲ. "ನೀವು ಆ ಕಡೆ ತಿರುಗಿ."

"ಅಲ್ವೇ, ಇಷ್ಟು ವರ್ಷ ಜೊತೇಲಿ ಸಂಸಾರ ಮಾಡಿದ್ದೀವಿ..."

"ಸಂಸಾರ ಬೇರೆ, ತೂಕ ಬೇರೆ. ತಿರುಗ್ತೀರೋ ಇಲ್ವೋ?"

ಅವರು ಗೋಡೆ ನೋಡುತ್ತ ನಿಂತರು. ಕಿತ್ತಳೆ ಅಂಗಿಯವನು ತೂಕ ನೋಡಿಕೊಂಡು, ಯಾರು ಎಲ್ಲಿ ಕೂರಬೇಕೆಂದು ಒಬ್ಬೊಬ್ಬರಿಗೂ ವಿಮಾನದ ಚಿತ್ರದಲ್ಲಿ ಬೆರಳಿಟ್ಟು ತೋರಿಸಿದ. ತನ್ನ ಭಾಷೆಯಲ್ಲಿ ಏನೋ ಹೇಳಿ, ಎರಡೂ ಅಂಗೈಗಳನ್ನು ಒಂದು ಮೇಲೆ ಒಂದು ಕೆಳಗೆ ಆಡಿಸಿದ. ಅಡ್ಜಸ್ಟಪ್ಪನವರು ಗಂಭೀರವಾಗಿ ತಲೆಯಾಡಿಸಿ, "ಕುಲುಕುತ್ತೆ ಅಂತಿದ್ದಾನೆ. ಪಾಪ, ನಾನು ಓಡಾಡಿದ ರಸ್ತೆ ಇವನಿಗೇನು ಗೊತ್ತು" ಎಂದರು.

"ಕುಲುಕೋದಲ್ಲ ಕಣ್ರೀ. ಅವನು ತಕ್ಕಡಿ ಥರ ತೋರಿಸಿದ. ಭಾರ ಸಮ ಇರ್ಬೇಕು ಅಂತ ಇರ್ಬೇಕು."

"ನಿನಗೇನು ಗೊತ್ತು, ಸುಮ್ನೆ ನನ್ನ ಹಿಂದೆ ಬಾ."

ವಿಮಾನದೊಳಗೆ ಬೆನ್ನು ಬಗ್ಗಿಸಿಯೇ ನಡೆಯಬೇಕಿತ್ತು. ಹತ್ತೇ ಸೀಟು. ಅಡ್ಜಸ್ಟಪ್ಪನವರು ತಮಗೆ ತೋರಿಸಿದ ಜಾಗದಲ್ಲಿ ಕುಳಿತು ಸುತ್ತ ಕಣ್ಣಾಡಿಸಿದರು. ಕಣ್ಣಾಡಿಸಬಾರದಿತ್ತು. ಏಕೆಂದರೆ ಕಂಡದ್ದೆಲ್ಲ ಅನ್ಯಾಯವೇ. ಒಬ್ಬ ಅಜ್ಜಿಯನ್ನು ಕಟ್ಟಕಡೆಗೆ, ಬಾಲದ ಸಂದಿಯಲ್ಲಿ, ಔಷಧಿ ಪೆಟ್ಟಿಗೆಗಳ ಪಕ್ಕ ತುರುಕಿದ್ದರು. ಭೀಮಕಾಯದ ಮೀನುಗಾರನೊಬ್ಬ ಮುಂದುಗಡೆ ಕಾಲು ಚಾಚಿ ಕುಳಿತಿದ್ದ. ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಬೇರೆ ಮಾಡಿ, ಹುಡುಗನನ್ನು ಮುಂದೆ, ಹುಡುಗಿಯನ್ನು ಹಿಂದೆ ಕೂರಿಸಿದ್ದರು. ಇಬ್ಬರೂ ಕತ್ತು ತಿರುಗಿಸಿ ಒಬ್ಬರನ್ನೊಬ್ಬರು ನೋಡುತ್ತಿದ್ದರು.

"ಇದನ್ನ ಕೂರಿಸಿದವನಿಗೆ ತಲೆ ಇಲ್ಲ" ಎಂದರು ಅಡ್ಜಸ್ಟಪ್ಪನವರು.

"ರೀ, ಬೇಡ" ಎಂದಳು ಹೆಂಡತಿ. ಅವರು ಇನ್ನೂ ಎದ್ದಿರಲಿಲ್ಲ. ಆದರೆ ಅವರು ಏಳುವ ಮುಂಚೆ ಕೈಯನ್ನು ತೊಡೆಗೆ ಒರೆಸಿಕೊಳ್ಳುತ್ತಾರೆಂದು ಆಕೆಗೆ ಗೊತ್ತಿತ್ತು.

ಅವರು ಎದ್ದರು. ಭಾಷೆ ಬಾರದು, ನಿಜ. ಆದರೆ ಕಂಡಕ್ಟರ ಕೈಗೆ ಭಾಷೆ ಬೇಕಿಲ್ಲ. ಒಂದು ಬೆರಳು ಆಡಿಸಿದರೆ ಮುಂದೆ ಬನ್ನಿ ಎಂದು, ಅಂಗೈ ಬೀಸಿದರೆ ಹಿಂದೆ ಹೋಗಿ ಎಂದು, ಎದೆಯ ಮೇಲೆ ಕೈಯಿಟ್ಟರೆ ದಯಮಾಡಿ ಎಂದು ಲೋಕದ ಯಾವ ಪ್ರಯಾಣಿಕನಿಗೂ ಅರ್ಥವಾಗುತ್ತದೆ. ಜೊತೆಗೆ ಅವರು ಹಾಕಿದ್ದ ನೀಲಿ ಅಂಗಿಗೆ ಎರಡು ಜೇಬು, ಜೇಬಿನಲ್ಲಿ ಪೆನ್ನು. ಕಂಪನಿಯವರೇ ಇರಬೇಕು ಎಂದುಕೊಂಡು ಎಲ್ಲರೂ ವಿಧೇಯರಾಗಿ ಎದ್ದರು. ಅಜ್ಜಿ ಮುಂದೆ ಬಂದರು. ಮೀನುಗಾರ ಉಸ್ಸೆಂದು ಬಾಲಕ್ಕೆ ಹೋದ. ಹುಡುಗ ಹಿಂದೆ ಹೋಗಿ ತನ್ನ ಹುಡುಗಿಯ ಪಕ್ಕ ಕುಳಿತು, ಆಕೆಯ ಕೈ ಹಿಡಿದುಕೊಂಡ. ದಪ್ಪಗಿದ್ದ ವ್ಯಾಪಾರಿಯೊಬ್ಬನನ್ನು "ಸ್ವಲ್ಪ ಅಡ್ಜಸ್ಟ್, ಅಡ್ಜಸ್ಟ್" ಎಂದು ಮೀನುಗಾರನ ಹಿಂದೆಯೇ ಬಾಲಕ್ಕೆ ಕಳಿಸಿದರು. ಅಜ್ಜಿ ಇವರ ಕೆನ್ನೆ ಸವರಿ ಏನೋ ಹರಸಿದರು. ಕೆಲಸ ಬಿಟ್ಟ ಮೇಲೆ ಇಷ್ಟು ತೃಪ್ತಿ ಅವರಿಗೆ ಯಾವತ್ತೂ ಆಗಿರಲಿಲ್ಲ.

ಆಗ ವಿಮಾನ ತನ್ನ ಮೂತಿಯನ್ನು ಮೆಲ್ಲಗೆ ಮೇಲೆತ್ತಿತು. ಹಾರಲಿಲ್ಲ. ನಿಂತಲ್ಲೇ, ನೀರು ಕುಡಿದ ಕೋಳಿಯಂತೆ ಮುಖ ಮೇಲೆ ಮಾಡಿ, ಬಾಲವನ್ನು ನೆಲಕ್ಕೆ ಊರಿತು.

ಹೊರಗಡೆ ಯಾರೋ ಕಿರುಚಿದರು. ಬಾಗಿಲಲ್ಲಿ ಒಂದು ಮುಖ ಕಾಣಿಸಿತು: ಪೈಲಟ್. ನಮ್ಮ ಮಗಳ ವಯಸ್ಸಿನವಳೇ ಎಂದು ಹೆಂಡತಿಗೆ ಅನ್ನಿಸಿತು. ಪೈಲಟ್ ಒಂದೊಂದು ಸೀಟನ್ನೂ ನೋಡಿ, ಮೆತ್ತಗೆ ಒಂದು ಪ್ರಶ್ನೆ ಕೇಳಿದಳು. ಪ್ರಶ್ನೆ ಏನೆಂದು ಅಡ್ಜಸ್ಟಪ್ಪನವರಿಗೆ ತಿಳಿಯಲಿಲ್ಲ. ಆದರೆ ಉತ್ತರ ತಿಳಿಯಿತು, ಏಕೆಂದರೆ ಅಷ್ಟೂ ಪ್ರಯಾಣಿಕರ ಬೆರಳುಗಳು ಇವರ ಕಡೆಗೇ ತಿರುಗಿದ್ದವು. ಅಜ್ಜಿಯ ಬೆರಳೂ ಇತ್ತು.

ಎಲ್ಲರೂ ಒಬ್ಬೊಬ್ಬರಾಗಿ ಇಳಿದರು. ಬಾಲಕ್ಕೆ ಏಟು ಬಿದ್ದಿದೆಯೇ ಎಂದು ಪೈಲಟ್ ನೆಲದ ಮೇಲೆ ಮಲಗಿ ನೋಡಿದಳು, ತಟ್ಟಿ ನೋಡಿದಳು, ಫೋನಿನಲ್ಲಿ ಯಾರಿಗೋ ವಿವರಿಸಿದಳು, ಮತ್ತೆ ತಟ್ಟಿದಳು. ಏನೂ ಆಗಿರಲಿಲ್ಲ. ಆದರೆ ಅದನ್ನು ಖಚಿತ ಮಾಡಿಕೊಳ್ಳುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಆಕೆ ಎಲ್ಲರನ್ನೂ ನೆರಳಿಗೆ ಕರೆದು, ಇಬ್ಬರು ವಿದೇಶೀಯರಿಗಾಗಿ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದಳು. ಬಿಸಿಲು ಏರಿದರೆ ಗಾಳಿ ತೆಳುವಾಗುತ್ತದೆ. ತೆಳು ಗಾಳಿ ಬೆಳಗಿನಷ್ಟು ಭಾರ ಹೊರುವುದಿಲ್ಲ. ಪ್ರಯಾಣಿಕರ ಸಾಮಾನು ಇಲ್ಲೇ ಬಿಡಬೇಕು. ಆಸ್ಪತ್ರೆಯ ಔಷಧಿ ಬಿಡುವ ಹಾಗಿಲ್ಲ. ಹಾಗಾಗಿ ಒಬ್ಬರು ಉಳಿಯಬೇಕು. ನಾಳೆ ಬೆಳಿಗ್ಗೆ ಬರಬಹುದು. ಯಾರು ಉಳಿಯುತ್ತೀರಿ?

ಅಡ್ಜಸ್ಟಪ್ಪನವರು ಅಭ್ಯಾಸಬಲದಿಂದ ಸುತ್ತ ನೋಡಿದರು. ಯಾರನ್ನು ಉಳಿಸಬಹುದು? ಆ ವ್ಯಾಪಾರಿಗೆ ಏನು ಅವಸರ? ಮೀನು ನಾಳೆ ಹಿಡಿದರೂ ಮೀನೇ ಅಲ್ಲವೇ?

ಒಂದು ಕೈ ಮೇಲೆದ್ದಿತು. ಅದು ಹೆಂಡತಿಯ ಕೈ. ಮೇಲೆದ್ದ ಕೈ ಹಾಗೇ ಪಕ್ಕಕ್ಕೆ ಬಾಗಿ ಗಂಡನ ಹೆಗಲ ಮೇಲೆ ಬಂದು ನಿಂತಿತು.

"ಇವರು" ಎಂದಳು.

"ಏಯ್, ಏನೇ ಇದು!"

"ನೀವು ಉಳ್ಕೊಳ್ಳಿ."

"ಸರಿ, ಉಳ್ಕೊಳ್ಳೋಣ. ಬಾ, ನಾಳೆ ಇಬ್ರೂ ಹೋಗೋಣ."

"ಉಳ್ಕೊಳ್ಳೋಣ ಅನ್ನಲಿಲ್ಲ. ಉಳ್ಕೊಳ್ಳಿ ಅಂದೆ. ನಾನು ಹೋಗ್ತೀನಿ."

ಅಡ್ಜಸ್ಟಪ್ಪನವರು ನಗಲು ನೋಡಿದರು. "ಒಬ್ಬಳೇ? ನೀನು? ಈ ದೇಶದಲ್ಲಿ? ಮನೆ ಹತ್ರದ ಬಸ್‌ಸ್ಟ್ಯಾಂಡಿಗೆ ಒಬ್ಬಳೇ ಹೋದವಳಲ್ಲ."

"ಹೋಗೋಕೆ ಬಿಟ್ಟಿದ್ರೆ ತಾನೇ."

"ಇಳಿದ ಮೇಲೆ ಎಲ್ಲಿಗೆ ಹೋಗ್ಬೇಕು, ಯಾರನ್ನ ಕೇಳ್ಬೇಕು, ಏನಾದ್ರೂ ಗೊತ್ತಾ? ನಾಳೆ ಒಂದು ದಿನ ತಡ ಆದ್ರೆ ಏನು ಗಂಟು ಹೋಗುತ್ತೆ? ಅವಳ ಗಂಡ ಇದ್ದಾನೆ, ಡಾಕ್ಟ್ರಿದ್ದಾರೆ..."

ಆಕೆ ಚೀಲಗಳನ್ನು ಅವರ ಕಾಲಬಳಿ ಇಟ್ಟಳು. ಜಗಳದ ದನಿಯಿರಲಿಲ್ಲ. "ಮಗಳು ಹುಟ್ಟಿದಾಗ ನನಗೂ ಡಾಕ್ಟ್ರು ಇದ್ರು. ನೀವು ಡ್ಯೂಟೀಲಿದ್ರಿ. ಯಾರಿಗೋ ಸೀಟು ಮಾಡಿಕೊಡ್ತಾ ಇದ್ರಿ. ನಾನು ಆ ಬಾಗಿಲನ್ನೇ ನೋಡ್ತಾ ಮಲಗಿದ್ದೆ ಕಣ್ರೀ. ಇವತ್ತು ಅವಳು ನೋಡ್ತಿದ್ದಾಳೆ. ಅದನ್ನ ನಾನು ಅಡ್ಜಸ್ಟ್ ಮಾಡ್ಕೊಳ್ಳಲ್ಲ."

ಅಷ್ಟು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಎಂಥೆಂಥವರ ಬಾಯಿಗೂ ಉತ್ತರ ಕೊಟ್ಟವರು, ಆ ಪುಟ್ಟ ವಿಮಾನದ ನೆರಳಿನಲ್ಲಿ ತಮ್ಮ ಚೀಲದ ಹಿಡಿಯನ್ನು ಸರಿಪಡಿಸುತ್ತ ನಿಂತರು.

ಮತ್ತೆ ಎಲ್ಲರನ್ನೂ ಅವರವರ ಜಾಗದಲ್ಲಿ ಕೂರಿಸಲಾಯಿತು. ಒಬ್ಬರು ಕಡಿಮೆಯಾದದ್ದರಿಂದ ಲೆಕ್ಕ ಸ್ವಲ್ಪ ಬದಲಾಯಿತು. ಪೈಲಟ್ ಕಿತ್ತಳೆ ಅಂಗಿಯವನೊಡನೆ ಏನೋ ಮಾತಾಡಿ, ಹೆಂಡತಿಯನ್ನು ಕೈ ಹಿಡಿದು ಕರೆದುಕೊಂಡು ಹೋಗಿ ತನ್ನ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡಳು. ಕಿವಿಗೆ ತನ್ನದರಂಥದೇ ದಪ್ಪ ಹೆಡ್‌ಫೋನನ್ನೂ ಹಾಕಿದಳು. ಅಡ್ಜಸ್ಟಪ್ಪನವರು ಬೇಲಿಯ ಈಚೆಯಿಂದ ಕೈಯಾಡಿಸಿದರು. ಗಾಜಿನೊಳಗೆ ಹೆಂಡತಿ ಮುಂದೆ ನೋಡುತ್ತಿದ್ದಳು. ಎರಡೂ ಕೈಯಿಂದ ಸೀಟನ್ನು ಗಟ್ಟಿಯಾಗಿ ಹಿಡಿದಿದ್ದಳು. ಆದರೂ ಮುಂದೆಯೇ ನೋಡುತ್ತಿದ್ದಳು. ವಿಮಾನ ಧೂಳೆಬ್ಬಿಸಿ ಓಡಿ, ಒಂದು ಸಲ ಕುಪ್ಪಳಿಸಿ, ಮೇಲೇರಿತು.

ಬಸ್ಸು ಹೊರಟ ಮೇಲೆ ಸ್ಟಾಪಿನಲ್ಲಿ ಉಳಿದವರು ಏನು ಮಾಡುತ್ತಾರೆಂದು ಅಡ್ಜಸ್ಟಪ್ಪನವರು ಎಂದೂ ನೋಡಿರಲಿಲ್ಲ. ನೋಡುವ ಹಾಗೂ ಇರಲಿಲ್ಲ; ಅವರು ಯಾವಾಗಲೂ ಹೊರಟವರ ಜೊತೆಗಿದ್ದರು. ಈಗ ತಿಳಿಯಿತು. ಉಳಿದವರು ಮೊದಲು ಗಾಡಿ ಹೋದ ದಿಕ್ಕನ್ನೇ ನೋಡುತ್ತಾರೆ. ಆಮೇಲೆ ತಮ್ಮ ಚೀಲವನ್ನು ನೋಡಿಕೊಳ್ಳುತ್ತಾರೆ. ಆಮೇಲೆ, ಯಾರಾದರೂ ತಮ್ಮನ್ನು ನೋಡಿದರೇನೋ ಎಂದು ಸುತ್ತ ನೋಡುತ್ತಾರೆ.

ಒಳಗೆ ಕುರ್ಚಿಗಳೆಲ್ಲ ಖಾಲಿ. ಎಲ್ಲಿ ಬೇಕಾದರೂ ಕೂರಬಹುದಿತ್ತು. ಅವರು ಒಂದರಲ್ಲಿ ಕುಳಿತರು; ಸರಿಬರಲಿಲ್ಲ; ಇನ್ನೊಂದಕ್ಕೆ ಹೋದರು. ಕಿಟಕಿ ಪಕ್ಕ, ಬಾಗಿಲ ಪಕ್ಕ, ಫ್ಯಾನಿನ ಕೆಳಗೆ. ಎಬ್ಬಿಸಲು ಯಾರೂ ಇರಲಿಲ್ಲವಾದ್ದರಿಂದ ತಮ್ಮನ್ನೇ ಎಬ್ಬಿಸಿಕೊಳ್ಳುತ್ತ ಇಡೀ ಹಾಲು ಸುತ್ತಿದರು. ಕಿತ್ತಳೆ ಅಂಗಿಯವನು ಅಂಗಿ ಬಿಚ್ಚಿಟ್ಟು, ಕಸ ಗುಡಿಸುತ್ತ ಅವರ ಬಳಿ ಬಂದಾಗ, ಪೊರಕೆಗೆ ದಾರಿಬಿಡಲೆಂದು ಕಾಲು ಮೇಲೆತ್ತಿಕೊಂಡರು. ಅವನು ನಕ್ಕು, ಫ್ಲಾಸ್ಕಿನಿಂದ ಒಂದು ಲೋಟ ಚಹಾ ಬಗ್ಗಿಸಿಕೊಟ್ಟ.

ಚಹಾ ಆರುವವರೆಗೂ ಅವರು ಮಗಳು ಹುಟ್ಟಿದ ದಿನವನ್ನು ನೆನಪಿಸಿಕೊಳ್ಳಲು ನೋಡಿದರು. ಆ ದಿನ ಬಸ್ಸು ಕಿಕ್ಕಿರಿದಿತ್ತು ಎಂಬುದೊಂದೇ ನೆನಪಾಯಿತು. ಡಿಪೋದಲ್ಲಿ ಯಾರೋ ಸುದ್ದಿ ಹೇಳಿದ್ದರು, ಎಲ್ಲರೂ ಬೆನ್ನು ತಟ್ಟಿದ್ದರು. ಹೆಂಡತಿ ಯಾವ ಕೋಣೆಯಲ್ಲಿದ್ದಳು, ಬಾಗಿಲು ಯಾವ ಕಡೆಗಿತ್ತು, ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಕೇಳಿಯೂ ಇರಲಿಲ್ಲ.

ಸಂಜೆಯ ಬಿಸಿಲು ನೆಲದ ಮೇಲೆ ಉದ್ದವಾಗುವ ಹೊತ್ತಿಗೆ ಫೋನು ಬಂತು.

"ರೀ. ಹೆಣ್ಣು ಮಗು."

"ಹಾಂ?"

"ಹೆಣ್ಣು ಮಗು ಅಂದೆ. ಇಬ್ರೂ ಚೆನ್ನಾಗಿದ್ದಾರೆ. ನಾನು ಒಳಗಡೆನೇ ಇದ್ದೆ, ಅವಳ ಕೈ ಹಿಡ್ಕೊಂಡು. ನನ್ನ ಬೆರಳು ಮುರಿದೇಹೋಯ್ತು ಅಂದ್ಕೊಂಡೆ, ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ಲು."

ಅಡ್ಜಸ್ಟಪ್ಪನವರು ಕುರ್ಚಿಯಿಂದ ಎದ್ದು ನಿಂತರು. ಏನಾದರೂ ಕೇಳಬೇಕಲ್ಲ ಎಂದು, "ಇಳಿದ ಮೇಲೆ ಆಸ್ಪತ್ರೆಗೆ ಹೇಗೆ ಹೋದೆ?" ಎಂದು ಕೇಳಿದರು.

"ಕೇಳ್ಕೊಂಡು ಹೋದೆ."

"ಯಾವ ಭಾಷೇಲಿ?"

"ಕೈಯಲ್ಲಿ. ನಿಮ್ಮನ್ನ ಇಷ್ಟು ವರ್ಷ ನೋಡಿಲ್ವಾ ನಾನು? ಆ ಅಜ್ಜಿನೇ ಬಾಗಿಲವರೆಗೂ ಬಿಟ್ಟುಹೋದ್ರು. ನಿಮಗೊಂದು ನಮಸ್ಕಾರ ಹೇಳಿದ್ರೋ, ಇಲ್ಲ ಬೈದ್ರೋ, ಗೊತ್ತಾಗ್ಲಿಲ್ಲ." ಫೋನಿನಲ್ಲಿ ಮಗುವಿನ ಕೀಚಲು ದನಿ ಕೇಳಿಸಿತು. "ಏನಾದ್ರೂ ತಿಂದ್ರಾ?"

"ತಿಂದೆ" ಎಂದು ಸುಳ್ಳು ಹೇಳಿದರು.

"ನಾಳೆ ಬರುವಾಗ ಅವರು ಎಲ್ಲಿ ಹೇಳ್ತಾರೋ ಅಲ್ಲೇ ಕೂತ್ಕೊಳ್ಳಿ."

ಮರುದಿನ ಅವರಿಗೆ ಬಾಲದ ಸಂದಿಯ ಸೀಟು ಸಿಕ್ಕಿತು. ಮೊಣಕಾಲು ಮಡಚಿ, ಮಗುವಿನ ಬಟ್ಟೆಯ ಚೀಲಗಳನ್ನು ಅಪ್ಪಿಕೊಂಡು ಕುಳಿತರು. ಕುಂಟುತ್ತ ಹತ್ತಿದ ಒಬ್ಬ ಹೆಂಗಸಿಗೆ ಇಕ್ಕಟ್ಟಿನ ಜಾಗ ಸಿಕ್ಕಿದ್ದನ್ನು ಕಂಡಾಗ ಅವರ ಕೈ ತಾನಾಗಿಯೇ ಮೇಲೆದ್ದಿತು. ಮೇಲೆದ್ದ ಕೈಯನ್ನು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಕುಳಿತುಕೊಂಡರು. ದ್ವೀಪ ಬರುವವರೆಗೂ ಹಾಗೆಯೇ ಕುಳಿತಿದ್ದರು. ಇಳಿಯುವಾಗ ಆ ಕೈ ಜೋಮು ಹಿಡಿದು, ಪೈಲಟ್ಟಿಗೆ ನಮಸ್ಕಾರ ಮಾಡಲೂ ಆಗಲಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಹೆಂಡತಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕುಳಿತಿದ್ದಳು. ಗಂಡ ಬಂದರೆಂದು ಆಕೆ ಏಳಲಿಲ್ಲ, ಅವರೂ ಏಳೆನ್ನಲಿಲ್ಲ. ಗೋಡೆಗೊರಗಿ ನಿಂತು, ಬಗ್ಗಿ, ಮೊಮ್ಮಗಳ ಮುಖ ನೋಡಿದರು.

"ನೀನು ಹುಟ್ಟಿದಾಗ ಬಾಗಿಲು ಯಾವ ಕಡೆ ಇತ್ತು ಅಂತ ನಿಮ್ಮಮ್ಮನ್ನ ಕೇಳ್ಬೇಕಿತ್ತು" ಎಂದರು ಮಗಳಿಗೆ.

ಮಗಳಿಗೆ ಅರ್ಥವಾಗಲಿಲ್ಲ. ಹೆಂಡತಿ ಗಂಡನ ಮುಖ ನೋಡಿ, "ಎಡಗಡೆ" ಎಂದಳು.

ಈಗ ಆಕೆ ವರ್ಷಕ್ಕೊಮ್ಮೆ ಒಬ್ಬಳೇ ದ್ವೀಪಕ್ಕೆ ಹೋಗಿ, ಮೊಮ್ಮಗಳ ಜೊತೆ ಒಂದು ತಿಂಗಳು ಇದ್ದು ಬರುತ್ತಾಳೆ. ಆ ತಿಂಗಳು ಅಡ್ಜಸ್ಟಪ್ಪನವರು ಮನೆಯಲ್ಲಿದ್ದು ಅನ್ನ ಬೇಯಿಸಿಕೊಳ್ಳುತ್ತಾರೆ, ಬಟ್ಟೆ ಒಗೆದುಕೊಳ್ಳುತ್ತಾರೆ, ಗಿಡಗಳಿಗೆ ನೀರು ಹಾಕುತ್ತಾರೆ.